ಟ್ಯೂನರ್ ಕಾರ್ಡ್‌ನಲ್ಲಿ ಟಿವಿ ಬರುತ್ತಿಲ್ಲವೇ? ಹೊಸದು ಕೊಳ್ಳುವ ಮೊದಲು ಹೀಗೆ ನೋಡಿ

ಮಲ್ಪೆಯ ಹಿರಿಯರೊಬ್ಬರು ತಮ್ಮ ಕಂಪ್ಯೂಟರನ್ನು ರಿಕ್ಷಾದಲ್ಲಿ ಹಾಕಿಕೊಂಡು ನಮ್ಮ ಮನೆಗೆ ತಂದಿದ್ದರು. ಟಿವಿಯಲ್ಲಿ ಯಕ್ಷಗಾನ ಬಂದಾಗ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು ಅಂತ ಅವರಿಗೆ ತುಂಬಾ ಆಸೆ. ಅದಕ್ಕಾಗಿ ಒಂದರ ನಂತರ ಒಂದು, ಎರಡು ಟ್ಯೂನರ್ ಕಾರ್ಡ್, ಅಂದರೆ ಟಿವಿ ಸಿಗ್ನಲ್ಲನ್ನು ಕಂಪ್ಯೂಟರ್‌ಗೆ ತರುವ ಕಾರ್ಡ್, ಕೊಂಡಿದ್ದರು. ಎರಡರಲ್ಲೂ ಒಂದೇ ಒಂದು ಚಾನೆಲ್ ಬಂದಿರಲಿಲ್ಲ. ಬಿಚ್ಚಿ ನೋಡಿದರೆ ಎರಡೂ ಕಾರ್ಡ್ ಚೆನ್ನಾಗಿಯೇ ಇದ್ದವು. ಅವರ ಮನೆಗೆ ಬರುವ ಸಿಗ್ನಲ್ ಒಂದು ಜಾತಿ, ಕಾರ್ಡ್‌ಗೆ ಅರ್ಥವಾಗುವ ಸಿಗ್ನಲ್ ಇನ್ನೊಂದು ಜಾತಿ. ಅಷ್ಟೇ ತೊಂದರೆ.

ನನ್ನ ಹತ್ತಿರ ಬರುವ ಹೆಚ್ಚಿನ ಕೇಸುಗಳು ಇಂಥವೇ. ಆದ್ದರಿಂದ ಕಾರ್ಡ್ ಮೇಲೆ ಅನುಮಾನ ಪಡುವ ಮೊದಲು, ಮನೆಗೆ ಬರುವ ಕೇಬಲ್‌ನಲ್ಲಿ ಏನು ಬರುತ್ತಿದೆ ಎಂದು ತಿಳಿದುಕೊಳ್ಳಿ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಶುರು ಮಾಡುವ ಮೊದಲು ಎರಡು ಎಚ್ಚರಿಕೆ. ಕೇಬಲ್ ಬಿಚ್ಚುವಾಗ, ಹಾಕುವಾಗ ಕಂಪ್ಯೂಟರ್ ಆಫ್ ಇರಲಿ, ಪ್ಲಗ್ ಗೋಡೆಯಿಂದ ಹೊರಗಿರಲಿ. ಮೋಡ ಗುಡುಗುತ್ತಿದ್ದರೆ ಕೇಬಲ್ ಮುಟ್ಟಲೇಬೇಡಿ.

ಸ್ಕ್ಯಾನ್ ಮುಗಿಯಿತು, ಒಂದೂ ಚಾನೆಲ್ ಸಿಗಲಿಲ್ಲ

ಮೊದಲ ಪ್ರಶ್ನೆ: ಕಾರ್ಡ್‌ಗೆ ಸಿಕ್ಕಿಸಿದ ವಯರ್ ಎಲ್ಲಿಂದ ಬರುತ್ತಿದೆ?

ಮಾಡಿನ ಮೇಲಿನ ಹಳೇ ಮೀನಿನ ಮುಳ್ಳಿನಂಥ ಆಂಟೆನಾದಿಂದ ಬರುತ್ತಿದ್ದರೆ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿ. ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ದೇಶದ ಉದ್ದಕ್ಕೂ ಬಹುತೇಕ ಮುಚ್ಚಿಯಾಗಿದೆ. ಅದರ ಬದಲು ಬಂದ ಡಿಜಿಟಲ್ ಪ್ರಸಾರ, ಅಂದರೆ ಡಿವಿಬಿ–ಟಿ2, 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಶುರುವಾಯಿತು. ಆ ಪಟ್ಟಿಯಲ್ಲಿ ಮಂಗಳೂರು ಇಲ್ಲ, ಉಡುಪಿಯೂ ಇಲ್ಲ. ಆಂಟೆನಾ ಎಷ್ಟು ತಿರುಗಿಸಿದರೂ ಇಲ್ಲಿ ಪ್ರಯೋಜನವಿಲ್ಲ. ಪೆಟ್ಟಿಗೆಯ ಮೇಲೆ ‘ಡಿವಿಬಿ–ಟಿ’ ಎಂದು ಮಾತ್ರ ಬರೆದ ಯುಎಸ್‌ಬಿ ಸ್ಟಿಕ್ಕುಗಳು ಆನ್‌ಲೈನ್‌ನಲ್ಲಿ ಸಸ್ತಾಕ್ಕೆ ಸಿಗುತ್ತವೆ. ಟಿವಿ ನೋಡಲಿಕ್ಕೆ ನಮ್ಮ ಊರಿನಲ್ಲಿ ಅವು ಉಪಯೋಗಕ್ಕೆ ಬರುವುದಿಲ್ಲ. ಮಲ್ಪೆಯವರು ಕೊಂಡ ಎರಡನೆಯದು ಇದೇ.

ವಯರ್ ಕೇಬಲ್‌ನವರ ಕಂಬದಿಂದ ನೇರ ಬರುತ್ತಿದ್ದರೆ ಕಥೆ ಬೇರೆ. ಹಿಂದೆ ಗೋಡೆಯ ಕೇಬಲ್ಲನ್ನು ಸೀದಾ ಕಾರ್ಡ್‌ಗೆ ಸಿಕ್ಕಿಸಿದರೆ ಸಾಕಿತ್ತು, ಸಾಲಾಗಿ ಚಾನೆಲ್ ಬರುತ್ತಿದ್ದವು. ಆಗ ಕೇಬಲ್ ಅನಲಾಗ್. ಕೇಬಲ್ಲನ್ನು ಡಿಜಿಟಲ್ ಮಾಡಲು ಸರ್ಕಾರ ಉಳಿದ ನಗರಗಳಿಗೆ ಕೊಟ್ಟ ಗಡುವು 2015ರ ಡಿಸೆಂಬರ್ 31, ಹಳ್ಳಿಗಳಿಗೆ 2017ರ ಮಾರ್ಚ್ 31. ಈಗ ಆ ವಯರ್‌ನಲ್ಲಿ ಬರುವುದು ಡಿಜಿಟಲ್ ಸಿಗ್ನಲ್. ಹತ್ತು–ಹದಿನೈದು ವರ್ಷದ ಹಳೇ ಕಾರ್ಡ್‌ಗೆ ಅದು ಬರೀ ಇರುವೆ ಓಡಿದ ಹಾಗೆ ಕಾಣುತ್ತದೆ.

ಹಾಗಂತ ಹಳೇ ಕಾರ್ಡನ್ನು ಗುಜರಿಗೆ ಹಾಕಬೇಡಿ. ಅದರ ಹಿಂದೆ ಹಳದಿ ತೂತು ಇದೆಯಾ ನೋಡಿ. ಅಥವಾ ದುಂಡಗಿನ ನಾಲ್ಕು ಪಿನ್ನಿನ ಎಸ್–ವಿಡಿಯೋ ತೂತು. ಸೆಟ್‌ಟಾಪ್ ಬಾಕ್ಸ್‌ನ ಎವಿ ಔಟ್‌ನಿಂದ ಹಳದಿ ವಯರನ್ನು ಅಲ್ಲಿಗೆ ತನ್ನಿ. ಸಾಫ್ಟ್‌ವೇರ್‌ನಲ್ಲಿ ‘ಟಿವಿ’ ಬದಲು ‘ಕಾಂಪೊಸಿಟ್’ ಎಂದು ಆರಿಸಿ. ಚಾನೆಲ್ ಬದಲಿಸುವುದು ಬಾಕ್ಸ್‌ನ ರಿಮೋಟ್‌ನಲ್ಲಿ. ಚಿತ್ರ ಬಂತಾ? ಹಾಗಾದರೆ ನಿಮ್ಮ ಕಾರ್ಡ್ ಗಟ್ಟಿ ಉಂಟು, ಕೆಲಸವೂ ಆಯಿತು. ಮಲ್ಪೆಯವರ ಮೊದಲ ಕಾರ್ಡನ್ನು ನಾನು ಹೀಗೆಯೇ ಎಬ್ಬಿಸಿದ್ದು. ಹೊಸದಕ್ಕೆ ಅವರು ಮತ್ತೆ ದುಡ್ಡು ಹಾಕಬೇಕಾಗಲಿಲ್ಲ.

ಚಾನೆಲ್ ಹೆಸರು ಬರುತ್ತದೆ, ಚಿತ್ರ ಮಾತ್ರ ಕಪ್ಪು

ಇದು ಡಿವಿಬಿ–ಸಿ, ಅಂದರೆ ಡಿಜಿಟಲ್ ಕೇಬಲ್ ಓದುವ ಕಾರ್ಡ್ ತಂದವರ ಅನುಭವ. ಸ್ಕ್ಯಾನ್ ಚೆನ್ನಾಗಿ ಆಗುತ್ತದೆ. ಹೆಸರುಗಳು ಸಾಲಾಗಿ ನಿಲ್ಲುತ್ತವೆ. ಒತ್ತಿದರೆ ಏನೂ ಇಲ್ಲ. ಕೆಲವು ಸಾಫ್ಟ್‌ವೇರ್‌ಗಳು ಹೆಸರಿನ ಪಕ್ಕ ಬೀಗದ ಗುರುತನ್ನೂ ತೋರಿಸುತ್ತವೆ. ಆ ಬೀಗವೇ ಕಾರಣ. ಕೇಬಲ್‌ನವರು ಚಾನೆಲ್‌ಗಳನ್ನು ಗುಪ್ತ ಲಿಪಿಯಲ್ಲಿ ಕಳಿಸುತ್ತಾರೆ. ಅದರ ಕೀಲಿ ಇರುವುದು ಅವರು ಕೊಟ್ಟ ಬಾಕ್ಸ್‌ನಲ್ಲಿ. ಕಾರ್ಡ್ ಬದಲಿಸಿದರೆ, ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬದಲಿಸಿದರೆ ಇದು ಸರಿಯಾಗುವುದಿಲ್ಲ. ಬೀಗ ಒಡೆಯುವ ಸಾಫ್ಟ್‌ವೇರ್ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಹತ್ತಿರ ಹೋಗಬೇಡಿ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಕಂಪ್ಯೂಟರ್‌ಗೆ ವೈರಸ್ ಬರುವ ದಾರಿ.

ಎಚ್‌ಡಿಎಂಐ ಕ್ಯಾಪ್ಚರ್ ಸ್ಟಿಕ್, ಅಂದರೆ ಬಾಕ್ಸ್‌ನ ಚಿತ್ರವನ್ನು ಕಂಪ್ಯೂಟರ್‌ಗೆ ಇಳಿಸುವ ಸ್ಟಿಕ್ ಹಾಕಿದವರಿಗೂ ಇದೇ ಕಪ್ಪು ಪರದೆ ಬರಬಹುದು. ಬಾಕ್ಸ್‌ನ ಎಚ್‌ಡಿಎಂಐ ಬಾಯಿಗೆ ನಕಲು ತಡೆಯುವ ಎಚ್‌ಡಿಸಿಪಿ ಎಂಬ ಕಾವಲು ಇರುತ್ತದೆ. ಎವಿ ಔಟ್‌ನಿಂದ ಬರುವ ಚಿತ್ರ ಅಷ್ಟು ಚುರುಕಾಗಿ ಇರುವುದಿಲ್ಲ, ಆದರೆ ಬರುತ್ತದೆ.

ಡಿಶ್‌ನ ವಯರ್ ಕೊಟ್ಟರೂ ಸಿಗ್ನಲ್ ಸೊನ್ನೆ

ನನ್ನನ್ನು ಕೇಳಿದರೆ, ಕರಾವಳಿಯಲ್ಲಿ ಕಂಪ್ಯೂಟರ್‌ಗೆ ನೇರವಾಗಿ ಟಿವಿ ತರಲು ಅತ್ಯಂತ ಒಳ್ಳೆಯ ದಾರಿ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು ಇದೇ. ತಿಂಗಳ ಬಾಡಿಗೆ ಇಲ್ಲ. ಚಂದನವೂ ಇದರಲ್ಲಿ ಬರುತ್ತದೆ. ಕಾರ್ಡ್ ಮಾತ್ರ ಉಪಗ್ರಹದ್ದೇ ಆಗಬೇಕು, ಅಂದರೆ ಡಿವಿಬಿ–ಎಸ್ ಅಥವಾ ಡಿವಿಬಿ–ಎಸ್2.

ಸೊನ್ನೆ ತೋರಿಸಿದರೆ ಮೊದಲು ಒಂದು ಸುಲಭ ಪರೀಕ್ಷೆ. ಅದೇ ವಯರನ್ನು, ಅದೇ ತುದಿಯನ್ನು, ಒಂದು ಫ್ರೀ ಡಿಶ್ ಬಾಕ್ಸ್‌ಗೆ ಹಾಕಿ. ಪಕ್ಕದ ಮನೆಯಿಂದ ಹತ್ತು ನಿಮಿಷಕ್ಕೆ ತಂದರೂ ಸಾಕು. ಬಾಕ್ಸ್‌ನಲ್ಲಿ ಚಿತ್ರ ಬಂದರೆ ಡಿಶ್, ಅದರ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ವಯರ್ ಮೂರೂ ಪಾಸ್. ತಪ್ಪು ಕಂಪ್ಯೂಟರ್ ಕಡೆ ಇದೆ. ಬಾಕ್ಸ್‌ನಲ್ಲೂ ಬರದಿದ್ದರೆ ಕಂಪ್ಯೂಟರ್ ಬಿಚ್ಚುವ ಕೆಲಸ ಬೇಡ, ಮಾಡಿನ ಕಡೆ ನೋಡಿ.

ಕಂಪ್ಯೂಟರ್ ಕಡೆ ಏನು ತಪ್ಪಿರಬಹುದು? ಡಿಶ್‌ನ ಮುಂದೆ ನಿಂತ ಎಲ್‌ಎನ್‌ಬಿಗೆ ಕರೆಂಟ್ ಕೊಡುವುದು ಕಾರ್ಡೇ. 13 ಅಥವಾ 18 ವೋಲ್ಟ್ ಇದೇ ವಯರ್ ಮೂಲಕ ಮೇಲೆ ಹೋಗುತ್ತದೆ. ಕೆಲವು ಕಾರ್ಡ್‌ಗಳಿಗೆ ಇದಕ್ಕಾಗಿ ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರ್‌ನೊಳಗಿನ ಪವರ್ ಡಬ್ಬದಿಂದ, ಬೇರೆ ಪವರ್ ವಯರ್ ಹಾಕಬೇಕು. ಯುಎಸ್‌ಬಿ ಪೆಟ್ಟಿಗೆಗಳಿಗೆ ಅಡಾಪ್ಟರ್ ಬರುತ್ತದೆ. ಅದನ್ನು ಹಾಕದೆ ಸುಮ್ನೆ ಯುಎಸ್‌ಬಿ ಮಾತ್ರ ಸಿಕ್ಕಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಎಲ್‌ಎನ್‌ಬಿ ಪವರ್ ಆನ್ ಇದೆಯಾ, ಯೂನಿವರ್ಸಲ್ ಎಲ್‌ಎನ್‌ಬಿ ಆದರೆ 9750 ಮತ್ತು 10600 ಎಂಬ ಅಂಕಿ ಇದೆಯಾ ನೋಡಿ.

ವಯರಿನ ತುದಿಯನ್ನೂ ಕಣ್ಣಿಟ್ಟು ನೋಡಿ. ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದರೂ ಶಾರ್ಟ್. ಕಂಪ್ಯೂಟರ್ ಆನ್ ಇರುವಾಗಲೇ ಕನೆಕ್ಟರ್ ತಿರುಗಿಸಿದರೆ ಎಲ್‌ಎನ್‌ಬಿಗೆ ಕರೆಂಟ್ ಕೊಡುವ ಭಾಗ ಸುಟ್ಟು ಹೋಗಬಹುದು. ಕಾರ್ಡ್ ನಿಜವಾಗಿ ಸಾಯುವ ಕೆಲವೇ ದಾರಿಗಳಲ್ಲಿ ಇದೂ ಒಂದು.

ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿ ಇರುತ್ತವೆ: ಸ್ಟ್ರೆಂಗ್ತ್ ಮತ್ತು ಕ್ವಾಲಿಟಿ. ಎರಡೂ ಸೊನ್ನೆ ಅಂದರೆ ಮೇಲೆ ಕರೆಂಟ್ ಹೋಗುತ್ತಿಲ್ಲ, ಅಥವಾ ವಯರ್ ತುಂಡಾಗಿದೆ. ಸ್ಟ್ರೆಂಗ್ತ್ ಇದ್ದು ಕ್ವಾಲಿಟಿ ಸೊನ್ನೆ ಅಂದರೆ ಎಲ್‌ಎನ್‌ಬಿ ಜೀವಂತ ಉಂಟು, ಡಿಶ್ ಮಾತ್ರ ತಪ್ಪು ಕಡೆ ನೋಡುತ್ತಿದೆ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್–15ರಿಂದ. ಮಂಗಳೂರಿನಿಂದ ನೋಡಿದರೆ ಅದು ಆಗ್ನೇಯದಲ್ಲಿ, ಉತ್ತರದಿಂದ ಬಲಕ್ಕೆ ಸುಮಾರು 123 ಡಿಗ್ರಿ, ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ. ಉಡುಪಿಗೂ ಹೆಚ್ಚುಕಡಿಮೆ ಅಷ್ಟೇ. ದುಡ್ಡು ಕೊಟ್ಟು ನೋಡುವ ಬೇರೆ ಕಂಪನಿಯ ಹಳೇ ಡಿಶ್ ಇನ್ನೊಂದು ಉಪಗ್ರಹದ ಕಡೆ ತಿರುಗಿರಬಹುದು. ಮೊಬೈಲ್ ದಿಕ್ಸೂಚಿಯನ್ನು ಡಿಶ್‌ನ ಕಬ್ಬಿಣಕ್ಕೆ ತಾಗಿಸಿ ನೋಡಬೇಡಿ. ನಾಲ್ಕು ಹೆಜ್ಜೆ ದೂರ ನಿಂತು ನೋಡಿ.

ಇನ್ನು ತೆಂಗಿನ ಮರ. ನೆಡುವಾಗ ಮೊಣಕಾಲೆತ್ತರ ಇದ್ದ ಸಸಿ ಈಗ ಡಿಶ್‌ಗೆ ಅಡ್ಡ ಬಂದಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ನಾನು ಸೂರ್ಯನ ಸಹಾಯ ತೆಗೆದುಕೊಳ್ಳುತ್ತೇನೆ. ಮಾರ್ಚ್ ನಡುಭಾಗದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಿಗ್ಗೆ 11ರ ಆಸುಪಾಸು, ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಿಗೆ ಕೆಲವು ನಿಮಿಷ ಚಿತ್ರ ಒಡೆಯುವುದು ಸಹಜ, ಅದಕ್ಕೆ ಏನೂ ಮಾಡಬೇಕಿಲ್ಲ. ಆಗಲೇ ಡಿಶ್‌ನ ಮುಖ ನೋಡಿ. ಅದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದಿದ್ದರೆ, ಅಡ್ಡ ಇರುವುದು ಅದೇ ಗರಿ.

ಮಳೆ ಬಂದರೆ ಹೋಗುತ್ತದೆ

ಇಲ್ಲಿ ಮುಖ್ಯವಾದದ್ದು ಚಿತ್ರ ಹೋದದ್ದಲ್ಲ, ವಾಪಸ್ ಬಂದ ಹೊತ್ತು. ಆಷಾಢದ ಜಡಿಮಳೆ ಹೊಯ್ಯುವಾಗ ಹೋಗಿ, ಮಳೆ ಕಮ್ಮಿಯಾದ ಐದು–ಹತ್ತು ನಿಮಿಷಕ್ಕೆ ಬಂದರೆ ಅದು ದೋಷವಲ್ಲ. ಉಪಗ್ರಹದಿಂದ ಬರುವ ಕೆಯು ಬ್ಯಾಂಡ್ ಸಿಗ್ನಲ್ಲನ್ನು ದಪ್ಪ ಮಳೆ ನುಂಗುತ್ತದೆ. ಸಣ್ಣ ಮಳೆಗೂ ಹೋಗುವುದಾದರೆ ಡಿಶ್ ಸ್ವಲ್ಪ ಸರಿದಿದೆ. ಬಿಸಿಲಿರುವಾಗ ಕ್ವಾಲಿಟಿ ಪಟ್ಟಿ ನೋಡಿಕೊಂಡು ಸರಿ ಮಾಡಿಸಿ.

ಮಳೆ ನಿಂತು ಮರುದಿನ ಬಿಸಿಲು ಬರುವ ತನಕವೂ ಬಾರದಿದ್ದರೆ ಕನೆಕ್ಟರ್ ಒಳಗೆ ನೀರು ಹೋಗಿದೆ. ಬಿಚ್ಚಿ ನೋಡಿ. ತಾಮ್ರ ಹಸಿರು ಬಣ್ಣಕ್ಕೆ ತಿರುಗಿರುತ್ತದೆ, ಜಾಲರಿ ಕಪ್ಪಾಗಿ ಪುಡಿಯಾಗುತ್ತದೆ. ಮಲ್ಪೆ, ಕಾಪು, ಪಣಂಬೂರು ಕಡೆ, ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿಗೆ ಇದು ಬೇಗ ಆಗುತ್ತದೆ. ಉಜ್ಜಿ ಸರಿ ಮಾಡಲು ಹೋಗಬೇಡಿ. ಒಳ್ಳೆಯ ತಾಮ್ರ ಕಾಣುವ ತನಕ ವಯರ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಮೇಲೆ ತಾನೇ ತಾನಾಗಿ ಅಂಟುವ ರಬ್ಬರ್ ಟೇಪ್ ಎಳೆದು ಸುತ್ತಿ. ಸಾಮಾನ್ಯ ಕಪ್ಪು ಟೇಪ್ ಒಂದು ಬೇಸಿಗೆಗೆ ಅಂಟು ಬಿಡುತ್ತದೆ. ವಯರ್ ಕನೆಕ್ಟರ್‌ಗೆ ಕೆಳಗಿನಿಂದ ಬಾಗಿ ಬರುವ ಹಾಗೆ ಕಟ್ಟಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಮಳೆಗಾಲದಲ್ಲಿ ಹಂಚಿನ ಮಾಡು, ಪಾಚಿ ಹಿಡಿದ ಟೆರೇಸು ಎರಡೂ ಅಪಾಯ. ಒಬ್ಬರೇ ಹತ್ತಬೇಡಿ. ಡಿಶ್ ಹತ್ತಿರ ಕರೆಂಟ್ ಲೈನ್ ಹಾದು ಹೋಗುತ್ತಿದ್ದರೆ ನೀವು ಹತ್ತಲೇಬಾರದು, ಕೆಲಸ ಗೊತ್ತಿರುವವರನ್ನು ಕರೆಯಿರಿ.

ಕಾರ್ಡ್ ಕಂಪ್ಯೂಟರ್‌ಗೆ ಕಾಣುವುದೇ ಇಲ್ಲ

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಮಲ್ಟಿಮೀಡಿಯಾ ವಿಡಿಯೋ ಕಂಟ್ರೋಲರ್’ ಅಥವಾ ‘ಮಲ್ಟಿಮೀಡಿಯಾ ಕಂಟ್ರೋಲರ್’ ಎಂದು ಹಳದಿ ಗುರುತಿನ ಜೊತೆ ಕಂಡರೆ ಖುಷಿ ಪಡಿ. ಕಾರ್ಡ್ ಬದುಕಿದೆ, ಡ್ರೈವರ್ ಮಾತ್ರ ಇಲ್ಲ. ಹಳೇ ಕಾರ್ಡ್‌ಗಳ ಸಿ.ಡಿ.ಯಲ್ಲಿರುವ ಡ್ರೈವರ್ ಹೆಚ್ಚಾಗಿ 32 ಬಿಟ್ ವಿಂಡೋಸ್‌ನದ್ದು. ಈಗಿನ 64 ಬಿಟ್ ವಿಂಡೋಸ್ ಅದನ್ನು ಒಳಗೆ ಬಿಡುವುದಿಲ್ಲ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಇಂಥವಕ್ಕೆ ಉಪಕಾರಿ. ಬಿಟಿ878, ಎಸ್‌ಎಎ7134 ಚಿಪ್‌ಗಳ ಡ್ರೈವರ್ ಅದರ ಒಳಗೇ ಇದೆ. ಲಿನಕ್ಸ್ ತುಂಬಿದ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿದರೆ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ, ಕಾರ್ಡ್ ಗಟ್ಟಿ ಉಂಟೋ ಇಲ್ಲವೋ ಗೊತ್ತಾಗುತ್ತದೆ.

ಹೆಸರೇ ಕಾಣದಿದ್ದರೆ ಮುಚ್ಚಳ ತೆಗೆಯಬೇಕು. ಪ್ಲಗ್ ತೆಗೆದು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಒಮ್ಮೆ ಮುಟ್ಟಿ, ಕಾರ್ಡನ್ನು ಅಂಚಿನಲ್ಲಿ ಹಿಡಿದು ಎಳೆಯಿರಿ. ಚಿನ್ನದ ಬಣ್ಣದ ಹಲ್ಲುಗಳು ನಮ್ಮ ತೇವಕ್ಕೆ ಮಂಕಾಗಿರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿಸಿ, ಬೇರೆ ಸ್ಲಾಟಿಗೆ ಹಾಕಿ. ಎಷ್ಟೋ ಕಾರ್ಡ್ ಇಷ್ಟಕ್ಕೇ ಏಳುತ್ತವೆ. ಎಸ್‌ಎಂಪಿಎಸ್ ಡಬ್ಬ ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಹೆಚ್ಚಿನ ವೋಲ್ಟ್ ಉಳಿದಿರುತ್ತದೆ.

ಚಿತ್ರ ಉಂಟು, ಸ್ವರ ಇಲ್ಲ

ಹಳದಿ ವಯರಿನಲ್ಲಿ ಚಿತ್ರ ಮಾತ್ರ ಬರುತ್ತದೆ. ಕೆಂಪು–ಬಿಳಿ ವಯರನ್ನು ಸೌಂಡ್ ಕಾರ್ಡ್‌ನ ನೀಲಿ ತೂತಿಗೆ, ಲೈನ್–ಇನ್‌ಗೆ ತರಬೇಕು. ಗುಲಾಬಿ ತೂತು ಮೈಕ್‌ನದ್ದು. ಅಲ್ಲಿ ಹಾಕಿದರೆ ಭಾಗವತರ ಪದ ಒಡೆದು ಕರಕರ ಎನ್ನುತ್ತದೆ. ಆಮೇಲೆ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಲೈನ್–ಇನ್ ಮ್ಯೂಟ್ ಆಗಿದೆಯಾ ನೋಡಿ. ಚಿತ್ರ ಕಪ್ಪು ಬಿಳುಪಾಗಿ ಬಂದರೆ ಅಥವಾ ಮೇಲಕ್ಕೆ ಉರುಳಿದರೆ ಸಾಫ್ಟ್‌ವೇರ್‌ನ ವಿಡಿಯೋ ಪದ್ಧತಿಯಲ್ಲಿ ಎನ್‌ಟಿಎಸ್‌ಸಿ ತೆಗೆದು ಪಾಲ್–ಬಿ ಆರಿಸಿ. ನಮ್ಮ ದೇಶದ್ದು ಅದು.

ಚಿತ್ರದಲ್ಲಿ ಅಡ್ಡಪಟ್ಟಿ ತೇಲುತ್ತದೆ, ಮುಟ್ಟಿದರೆ ಜುಮ್ ಎನ್ನುತ್ತದೆ

ಇದನ್ನು ದಯವಿಟ್ಟು ಸಣ್ಣದು ಅಂತ ಬಿಡಬೇಡಿ. ಮಸುಕು ಪಟ್ಟಿಗಳು ಮೆಲ್ಲಗೆ ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದರೆ ಮನೆಯ ಕರೆಂಟಿನ 50 ಹರ್ಟ್ಸ್ ಚಿತ್ರದೊಳಗೆ ನುಸುಳಿದೆ ಎಂದರ್ಥ. ಕಂಪ್ಯೂಟರ್‌ಗೂ ಕೇಬಲ್‌ಗೂ ಅರ್ತಿಂಗ್ ಬೇರೆ ಬೇರೆ ಇರುವುದರಿಂದ ಹೀಗಾಗುತ್ತದೆ. ಸೆಟ್‌ಟಾಪ್ ಬಾಕ್ಸ್ ಮತ್ತು ಕಂಪ್ಯೂಟರ್ ಒಂದೇ ಬೋರ್ಡಿನಿಂದ ಪ್ಲಗ್ ಮಾಡಿ ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಹೋಗುತ್ತದೆ.

ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎಂದರೆ ಮೂರನೇ ಪಿನ್ನಿಗೆ ಅರ್ತ್ ಬರುತ್ತಿಲ್ಲ. ನಮ್ಮ ಮುರಕಲ್ಲು ನೆಲ ಬೇಸಿಗೆಯಲ್ಲಿ ಒಣಗುತ್ತದೆ, ಹಳೇ ಅರ್ತ್ ಗುಂಡಿ ಕೆಲಸ ನಿಲ್ಲಿಸುತ್ತದೆ. ಕೇಬಲ್‌ನವರ ವಯರಿನ ಹೊರ ಲೋಹ ಮುಟ್ಟಿದಾಗ ಜುಮ್ ಎಂದರೆ ಇನ್ನೂ ಗಂಭೀರ, ಯಾಕೆಂದರೆ ಆ ಕರೆಂಟ್ ಎಲ್ಲಿಂದ ಬರುತ್ತಿದೆ ಎಂದು ಮನೆಯೊಳಗೆ ಕೂತು ಹೇಳಲಿಕ್ಕಾಗುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಇಲ್ಲಿಗೆ ನಿಲ್ಲಿಸಿ. ವಯರ್ ಮುಟ್ಟದೆ ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಕೇಬಲ್‌ನವರಿಗೂ ತಿಳಿಸಿ. ಪಟ್ಟಿ ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವವರು ಇದ್ದಾರೆ. ಚಿತ್ರ ಸ್ವಚ್ಛವಾಗಬಹುದು, ಮನೆಯ ಮಕ್ಕಳ ಜೀವಕ್ಕೆ ಅಪಾಯ.

ರೆಕಾರ್ಡಿಂಗ್ ಒಂದೂವರೆ ಗಂಟೆಗೆ ನಿಂತುಬಿಡುತ್ತದೆ

ಪ್ರಸಂಗ ರಂಗೇರುವ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ, ಅಲ್ವಾ? ಆ ಫೈಲಿನ ಗಾತ್ರ ನೋಡಿ. 4 ಜಿಬಿ ಹತ್ತಿರ ಇದ್ದರೆ ಡಿಸ್ಕ್ ಅಥವಾ ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟ್‌ನಲ್ಲಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಡಿವಿಡಿ ಮಟ್ಟದ, ಸೆಕೆಂಡಿಗೆ 6 ಮೆಗಾಬಿಟ್‌ನ ರೆಕಾರ್ಡಿಂಗ್‌ಗೆ ಅದು ಸುಮಾರು 95 ನಿಮಿಷ. ಒಳಗಿರುವುದನ್ನು ಬೇರೆ ಕಡೆ ಉಳಿಸಿಕೊಂಡು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ರಾತ್ರಿಯಿಡೀ ಎಂಟು ಗಂಟೆಯ ಆಟಕ್ಕೆ 22 ಜಿಬಿ ಖಾಲಿ ಇಟ್ಟುಕೊಳ್ಳಿ. ‘ಅನ್‌ಕಂಪ್ರೆಸ್ಡ್’ ಆರಿಸಿದ್ದರೆ ಒಂದೇ ಗಂಟೆಗೆ 75 ಜಿಬಿ ಹತ್ತಿರ ಬೇಕು. ಚಿತ್ರ ತಡೆದು ತಡೆದು ಬರುವುದಕ್ಕೂ ಹೆಚ್ಚಾಗಿ ಅದೇ ಕಾರಣ.

ಮನೆಯ ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವವರಿಗೆ ಒಂದು ಮಾತು. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಪ್ಲೇಯರ್‌ಗೆ ಹಾಕಬೇಡಿ. ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅಂಥದ್ದನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟು, ಟೇಪ್ ಸ್ವಚ್ಛ ಮಾಡಲು ಬರುವವರಿಗೆ ಕೊಡಿ. ಎಷ್ಟೋ ಮೇಳಗಳ ಹಳೇ ಆಟಗಳು ಇಂಥ ಕ್ಯಾಸೆಟ್‌ಗಳಲ್ಲಿ ಮಾತ್ರ ಉಳಿದಿರಬಹುದು.

ಸಿಡಿಲು ಬಂದ ಮೇಲೆ ಕೆಲಸ ಮಾಡುತ್ತಿಲ್ಲ

ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಸಂಜೆಗಳಲ್ಲಿ ಇದು ಆಗುತ್ತದೆ. ಕಂಪ್ಯೂಟರ್ ಆನ್ ಆಗುತ್ತದೆ, ಕಾರ್ಡ್ ಕಾಣುತ್ತದೆ, ಸಿಗ್ನಲ್ ಸೊನ್ನೆ. ಹಳದಿ ತೂತು ಇರುವ ಕಾರ್ಡ್ ಆದರೆ ಅದರಲ್ಲಿ ಚಿತ್ರ ಬರುತ್ತದಾ ನೋಡಿ. ಬಂದರೆ ಟ್ಯೂನರ್ ಡಬ್ಬ ಮಾತ್ರ ಹೋಗಿದೆ. ಅದನ್ನು ರಿಪೇರಿ ಮಾಡಿಸುವುದು ಲಾಭವಲ್ಲ, ಆದರೆ ಕ್ಯಾಪ್ಚರ್‌ಗೆ ಕಾರ್ಡ್ ಇನ್ನೂ ಆಗುತ್ತದೆ. ಸುಟ್ಟ ವಾಸನೆ ಬಂದಿದ್ದರೆ ಮತ್ತೆ ಆನ್ ಮಾಡದೆ ತೋರಿಸಿ. ಗುಡುಗು ದೂರದಲ್ಲಿ ಕೇಳುವಾಗಲೇ ಪ್ಲಗ್ ಮತ್ತು ಕೇಬಲ್ ಎರಡನ್ನೂ ತೆಗೆದಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ. ಪ್ಲಗ್ ಮಾತ್ರ ತೆಗೆದರೆ ಸಾಲದು.

ಬದಲಿಸಲೇಬೇಕು ಅಂತಾದರೆ

ಅಂಗಡಿಗೆ ಹೋಗುವ ಮೊದಲು ಮದರ್‌ಬೋರ್ಡ್‌ನ ಫೋಟೋ ತೆಗೆದುಕೊಳ್ಳಿ. ಬಿಳಿ ಉದ್ದ ಪಿಸಿಐ ಸ್ಲಾಟ್ ಹೊಸ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಗಿಡ್ಡ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಳೇ ಕಾರ್ಡ್ ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಬೇಡಿ.

ಫ್ರೀ ಡಿಶ್ ನೋಡುವವರು ಡಿವಿಬಿ–ಎಸ್2 ಕಾರ್ಡ್ ಕೊಳ್ಳಿ. ಅದು ಹಳೇ ಡಿವಿಬಿ–ಎಸ್ ಅನ್ನೂ ಓದುತ್ತದೆ. ಕೇಬಲ್ ಬಾಕ್ಸ್ ಅಥವಾ ಕ್ಯಾಸೆಟ್‌ನಿಂದ ಇಳಿಸುವವರಿಗೆ ಟ್ಯೂನರ್ ಬೇಕಾಗಿಯೇ ಇಲ್ಲ, ಹಳದಿ–ಕೆಂಪು–ಬಿಳಿ ತೂತಿನ ಯುಎಸ್‌ಬಿ ಕ್ಯಾಪ್ಚರ್ ಸಾಕು. ಈ ಸಣ್ಣ ಸ್ಟಿಕ್ಕುಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಒಳಗಿನ ಚಿಪ್ ಬೇರೆ ಬೇರೆ. ಒಂದರ ಡ್ರೈವರ್ ಇನ್ನೊಂದಕ್ಕೆ ಆಗುವುದಿಲ್ಲ. ಹಾಗಾಗಿ ನಿಮ್ಮ ವಿಂಡೋಸ್‌ನ ಹೆಸರು, 64 ಬಿಟ್ ಎಂಬುದು ಪೆಟ್ಟಿಗೆಯ ಮೇಲೆ ಬರೆದಿದೆಯಾ ಓದಿ. ಸಾಧ್ಯವಾದರೆ ಲ್ಯಾಪ್‌ಟಾಪ್ ಜೊತೆಗೆ ಒಯ್ದು, ಅಂಗಡಿಯ ಬಾಕ್ಸ್‌ನಿಂದ ಚಿತ್ರವೂ ಸ್ವರವೂ ಬರುವುದನ್ನು ನೋಡಿಯೇ ದುಡ್ಡು ಕೊಡಿ. ಬಿಲ್ಲಿನಲ್ಲಿ ಮಾಡೆಲ್ ಹೆಸರು ಪೂರ್ತಿ ಬರೆಸಿಕೊಳ್ಳಿ, ಮುಂದೆ ಡ್ರೈವರ್ ಹುಡುಕುವಾಗ ಬೇಕಾಗುವುದು ಅದೇ ಹೆಸರು.